ಗೋಡೆ ಮೇಲೆ ತೆವಳುವ ಬೂದು ಚೀಲದ ಹುಳು ಬಟ್ಟೆ ತಿನ್ನುತ್ತದೆಯೇ?

ಸೌತೆಬೀಜದ ಆಕಾರ, ಸಿಮೆಂಟ್ ಬಣ್ಣ, ಸುಮಾರು 1 ಸೆಂಟಿಮೀಟರ್ ಉದ್ದ. ನೀವು ಕೇಳುತ್ತಿರುವುದು ಇದನ್ನೇ ಅಲ್ವಾ? ಇದೊಂದು ಚಿಕ್ಕ ಬೂದು ಪತಂಗದ ಮರಿಹುಳು. ಫಿರಿಯೋಕಾ ಎಂಬ ಕುಲಕ್ಕೆ ಸೇರಿದ್ದು. ಚೀಲ ಅದೇ ಕಟ್ಟಿಕೊಂಡಿದ್ದು. ತಾನೇ ನೂತ ರೇಷ್ಮೆ ಎಳೆಗೆ ಮರಳು, ಧೂಳು, ಬಟ್ಟೆಯ ನಾರು ಅಂಟಿಸಿಕೊಳ್ಳುತ್ತದೆ.

ಸ್ವಲ್ಪ ಹೊತ್ತು ಸುಮ್ನೆ ಗಮನಿಸಿ. ಚೀಲದ ಎರಡೂ ತುದಿ ತೆರೆದೇ ಇರುತ್ತವೆ. ಒಂದು ಕಡೆಯಿಂದ ತಲೆ ಹೊರಗೆ ಹಾಕಿ, ಕಾಲೂರಿ, ಚೀಲವನ್ನು ಎಳೆದುಕೊಂಡು ಹೋಗುತ್ತದೆ. ಮುಟ್ಟಿದರೆ ಸರಕ್ಕನೆ ಒಳಗೆ. ಬೇಕಾದರೆ ಒಳಗೇ ತಿರುಗಿ ಇನ್ನೊಂದು ತುದಿಯಿಂದ ಇಣುಕುತ್ತದೆ!

ಹಳೇ ಜೇಡರ ಬಲೆ, ಸತ್ತ ಹುಳ, ಉದುರಿದ ಕೂದಲು ಇದರ ಊಟ. ಉಣ್ಣೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ, ಹಾಗಾಗಿ ಸ್ವೆಟರ್, ಶಾಲು ಜೋಪಾನ. ಹತ್ತಿ ಬಟ್ಟೆಗೆ ಅಷ್ಟು ಹೆದರಬೇಕಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ ತೂತಾಗಿದ್ದರೆ ಮೊದಲು ಸಿಲ್ವರ್‌ಫಿಶ್ ಎಂಬ ಬೆಳ್ಳಿ ಬಣ್ಣದ ಚಿಕ್ಕ ಹುಳದ ಮೇಲೆ ಅನುಮಾನಪಡಿ.

ಸ್ಪ್ರೇಗೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಸಲಹೆ. ಚೀಲವೇ ಹುಳುವಿಗೆ ರಕ್ಷಣೆ. ಪೊರಕೆಯಿಂದ ಕೆಡವಿ, ಬಳಿದು ಹೊರಗೆ ಹಾಕಿ. ಮೂಲೆ, ಮಂಚದಡಿ, ಬೀರು ಹಿಂದೆ ಜೇಡರ ಬಲೆ ಇರದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಇವಕ್ಕೆ ತೇವ ಬೇಕು. ಆದ್ದರಿಂದ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕಿಟಕಿ ತೆಗೆದು ಗಾಳಿಯಾಡಲು ಬಿಡಿ. ಉಣ್ಣೆ ಬಟ್ಟೆಯನ್ನು ಒಗೆದು, ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ.