ಹಳೇ ಫೋನಿಗೆ ಹೊಸ ಆ್ಯಂಡ್ರಾಯ್ಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಸ್ಟಮ್ ರಾಮ್ ಬಗ್ಗೆಯೇ ಇವೆ. ರಾಮ್ ಬೇರೆ, ರ‍್ಯಾಮ್ ಬೇರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ರ‍್ಯಾಮ್ ಫೋನಿನ ಕೆಲಸದ ಮೆಮೊರಿ. 3 ಜಿಬಿ ಇದ್ದದ್ದು ಏನು ಮಾಡಿದರೂ 3 ಜಿಬಿಯೇ. ಇಲ್ಲಿ ರಾಮ್ ಅಂದರೆ ಫೋನಿನ ಇಡೀ ಆಪರೇಟಿಂಗ್ ಸಿಸ್ಟಮ್. ಕಂಪನಿಯದನ್ನು ತೆಗೆದು ಇನ್ನೊಂದನ್ನು ಕೂರಿಸುವುದಕ್ಕೆ ಫ್ಲ್ಯಾಶ್ ಮಾಡುವುದು ಅನ್ನುತ್ತಾರೆ. ಆಜ್ಞೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ನಮಸ್ಕಾರ್ರಿ. ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡ್ಯಾಗ 2017ರಾಗ ತಗೊಂಡ ರೆಡ್ಮಿ ನೋಟ್ 4 ಐತಿ, 3 ಜಿಬಿ ರ‍್ಯಾಮು. ಆ್ಯಂಡ್ರಾಯ್ಡ್ 7ಕ್ಕ ನಿಂತುಬಿಟ್ಟೈತಿ. ಹೊಸಾ ಆ್ಯಪ್ ಹಾಕಾಕ ಹೋದ್ರ ಈ ಫೋನಿಗೆ ಹೊಂದೂದಿಲ್ಲ ಅಂತೈತಿ. ಲಿನಿಯೇಜ್ ಓಎಸ್ ಹಾಕಿದ್ರ ಸರಿ ಹೋಗ್ತೈತಿ ಅಂತಾರ. ಎಲ್ಲಿಂದ ಶುರು ಮಾಡ್ಬೇಕ್ರಿ?
— ಓದುಗರು, ಬ್ಯಾಡಗಿ

ಉತ್ತರ: ಫೋನಿನ ಬೆನ್ನಿನಿಂದ ಶುರು ಮಾಡಿ. ಟೇಬಲ್ ಮೇಲೆ ಮಲಗಿಸಿದರೆ ಬುಗುರಿಯ ಹಾಗೆ ತಿರುಗುತ್ತಿದೆಯೇ, ಸ್ಕ್ರೀನಿನ ಅಂಚು ಎದ್ದಿದೆಯೇ ನೋಡಿ. ಹಾಗಿದ್ದರೆ ಬ್ಯಾಟರಿ ಉಬ್ಬಿದೆ. ಮೊದಲು ಅದನ್ನು ಬದಲಿಸಿ. ನಿಮ್ಮ ಮಾಡೆಲ್ಲಿನ ಬ್ಯಾಟರಿ ಮೇಲೆ ಬಿಎನ್43 ಎಂದಿರುತ್ತದೆ, 4100 ಎಂಎಎಚ್. 40 ಪರ್ಸೆಂಟಿನಲ್ಲಿ ಗಪ್ಪನೆ ಆಫ್ ಆಗುವ ಫೋನು ಫ್ಲ್ಯಾಶಿನ ನಡುವೆ ಆಫ್ ಆದರೆ ಕೆಲಸ ಕೆಟ್ಟಿತು.

ಆಮೇಲೆ ಫೋನಿನ ಕೋಡ್ ಹೆಸರು. ರೆಡ್ಮಿ ನೋಟ್ 4 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಫೋನುಗಳಿವೆ. ಮೀಡಿಯಾಟೆಕ್ ಚಿಪ್ಪಿನದು ನಿಕೆಲ್, ಸ್ನ್ಯಾಪ್‌ಡ್ರ್ಯಾಗನ್ 625 ಚಿಪ್ಪಿನದು ಮಿಡೋ. ಭಾರತದಲ್ಲಿ ಕಂಪನಿ ಮಾರಿದ್ದು ಮಿಡೋ. ಪೆಟ್ಟಿಗೆ ಮೇಲಿನ ಹೆಸರು ನೋಡಿ ಫೈಲ್ ಇಳಿಸಬೇಡಿ, ಕೋಡ್ ಹೆಸರು ನೋಡಿ ಇಳಿಸಿ. ಸಯನೊಜೆನ್‌ಮಾಡ್ ಎಂಬ ಹಳೇ ಕಸ್ಟಮ್ ರಾಮ್ ನಿಂತುಹೋದ ಮೇಲೆ 2016ರ ಡಿಸೆಂಬರಿನಲ್ಲಿ ಅದರ ಬೇರಿನಿಂದಲೇ ಎದ್ದದ್ದು ಲಿನಿಯೇಜ್. ಅದರ ವಿಕಿಯಲ್ಲಿ ಒಂದೊಂದು ಫೋನಿಗೂ ಪ್ರತ್ಯೇಕ ಪುಟವಿದೆ. ನಿಮ್ಮ ಕೋಡ್ ಹೆಸರಿನ ಪುಟದಲ್ಲಿ ಈಗ ಯಾವ ಆವೃತ್ತಿ ಇದೆ ಎಂದು ನೋಡಿ, ರಾಮ್ ಇರುವ ಜಿಪ್ ಫೈಲ್, ಅದನ್ನು ಕೂರಿಸಲು ಬೇಕಾದ ರಿಕವರಿ ಎಂಬ ಸಣ್ಣ ಸಿಸ್ಟಮ್ ಎರಡನ್ನೂ ಅಲ್ಲಿಂದಲೇ ಇಳಿಸಿ. ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ ಫೈಲನ್ನು ಯಾರು ಕಟ್ಟಿದರು, ಒಳಗೆ ಏನಿಟ್ಟರು ಗೊತ್ತಿರುವುದಿಲ್ಲ. ಇಳಿದ ಫೈಲ್ ಪೂರ್ತಿ ಇದೆಯೇ ಎಂದು ನೋಡಲು ವಿಂಡೋಸಿನಲ್ಲಿ ಸರ್ಟ್‌ಯುಟಿಲ್, ಹೈಫನ್ ಹ್ಯಾಶ್‌ಫೈಲ್, ಫೈಲಿನ ಹೆಸರು, ಎಸ್‌ಎಚ್‌ಎ256 ಎಂದು ಕೊಡಿ. ಬರುವ ಉದ್ದನೆಯ ಅಂಕಿ ಡೌನ್‌ಲೋಡ್ ಪುಟದ ಅಂಕಿಯೊಂದಿಗೆ ತಾಳೆಯಾಗಬೇಕು.

ನಿಜವಾಗಿ ಹೊತ್ತು ತಿನ್ನುವುದು ಫೋನ್ ಆನ್ ಆದಾಗ ಸಿಸ್ಟಮ್ಮನ್ನು ಎಬ್ಬಿಸುವ ಬೂಟ್‌ಲೋಡರಿನ ಬೀಗ. ಸೆಟ್ಟಿಂಗ್ಸ್‌ನ ಅಬೌಟ್ ಫೋನಿನಲ್ಲಿ ಎಂಐಯುಐ (ರೆಡ್ಮಿ ತಯಾರಿಸುವ ಶಾಓಮಿಯ ಆ್ಯಂಡ್ರಾಯ್ಡ್) ವರ್ಷನ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಓಇಎಂ ಅನ್‌ಲಾಕಿಂಗ್, ಯುಎಸ್‌ಬಿ ಡಿಬಗ್ಗಿಂಗ್ ಎರಡನ್ನೂ ಆನ್ ಮಾಡಿ. ಎಂಐ ಅನ್‌ಲಾಕ್ ಸ್ಟೇಟಸ್‌ನಲ್ಲಿ ನಿಮ್ಮ ಎಂಐ ಖಾತೆಯನ್ನು ಜೋಡಿಸಿ. ಜೋಡಿಸುವಾಗ ವೈಫೈ ಬಂದ್ ಇರಲಿ, ಸಿಮ್ಮಿನ ಡೇಟಾ ಮೇಲೆಯೇ ಮಾಡಬೇಕು. ನಂತರ ವಿಂಡೋಸ್ ಕಂಪ್ಯೂಟರಿನಲ್ಲಿ ಎಂಐ ಅನ್‌ಲಾಕ್ ಟೂಲ್ ತೆರೆದರೆ ಸಾಮಾನ್ಯವಾಗಿ 168 ತಾಸು ಕಾಯಿರಿ ಅನ್ನುತ್ತದೆ, ಅಂದರೆ 7 ದಿನ. ತಡೆಯಲಾರದೆ ಖಾತೆ ತೆಗೆದು ಮತ್ತೆ ಜೋಡಿಸಬೇಡಿ, ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಬೀಗ ತೆಗೆದ ಕ್ಷಣ ಫೋನಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಗಿರಾಕಿಗಳ ನಂಬರು, ಲೆಕ್ಕದ ಫೋಟೋ, ವಾಟ್ಸ್‌ಆ್ಯಪ್ ಬ್ಯಾಕಪ್ ಈ ವಾರದಲ್ಲೇ ಹೊರಗೆ ತೆಗೆದಿಡಿ.

ಕೇಬಲ್ಲಿನ ಮಾತು ಸಣ್ಣದು ಅನ್ನಿಸಬಹುದು, ಅರ್ಧ ಜನ ಎಡವುವುದು ಅಲ್ಲೇ. ಅಗ್ಗದ ಚಾರ್ಜಿಂಗ್ ಕೇಬಲ್ ಒಳಗೆ ಕರೆಂಟಿನ ಎರಡೇ ತಂತಿ ಇರುತ್ತವೆ, ಡೇಟಾದ ಎರಡು ಇರುವುದೇ ಇಲ್ಲ. ಕಂಪ್ಯೂಟರಿಗೆ ಚುಚ್ಚಿದಾಗ ಫೋನಿನ ಫೋಟೋಗಳು ಅಲ್ಲಿ ಕಂಡರೆ ಕೇಬಲ್ ಸರಿಯಿದೆ. ನೀಲಿ ಬಾಯಿಯ ಯುಎಸ್‌ಬಿ 3 ಪೋರ್ಟಿನಲ್ಲಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸ್ಥಿತಿಯಾದ ಫಾಸ್ಟ್‌ಬೂಟ್ ಆಗಾಗ ತಕರಾರು ತೆಗೆಯುತ್ತದೆ, ಹಳೆಯ 2.0 ಪೋರ್ಟ್ ವಾಸಿ. ಲೈಟು ಯಾವಾಗ ಹೋಗುತ್ತದೋ ಹೇಳಲಾಗದ ಕಡೆ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ಮೇಲು. ಫೋನಿನ ಚಾರ್ಜು 60 ಪರ್ಸೆಂಟ್ ದಾಟಿರಲಿ.

ಗೂಗಲ್ಲಿನ ಪ್ಲ್ಯಾಟ್‌ಫಾರ್ಮ್ ಟೂಲ್ಸ್ ಇಳಿಸಿ (ಮುಂದಿನ ಫಾಸ್ಟ್‌ಬೂಟ್, ಎಡಿಬಿ ಆಜ್ಞೆಗಳು ನಡೆಯುವುದು ಇದರಿಂದಲೇ), ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಬಿಡದೆ ಬಿಚ್ಚಿಡಿ. ಫೋನ್ ಆಫ್ ಮಾಡಿ, ವಾಲ್ಯೂಮ್ ಇಳಿಸುವ ಗುಂಡಿ ಮತ್ತು ಪವರ್ ಗುಂಡಿ ಒಟ್ಟಿಗೆ ಒತ್ತಿ ಹಿಡಿಯಿರಿ. ಟೋಪಿ ಹಾಕಿದ ಮೊಲ ರಿಪೇರಿ ಮಾಡುವ ಚಿತ್ರ ಬಂದರೆ ಅದೇ ಫಾಸ್ಟ್‌ಬೂಟ್. ಫಾಸ್ಟ್‌ಬೂಟ್ ಡಿವೈಸಸ್ ಎಂಬ ಆಜ್ಞೆಗೆ ಒಂದು ಸೀರಿಯಲ್ ನಂಬರ್ ಬರಬೇಕು. ಏನೂ ಬರದಿದ್ದರೆ, ಮುಂದಿನ ಆಜ್ಞೆಗಳಿಗೂ ವೇಟಿಂಗ್ ಫಾರ್ ಎನಿ ಡಿವೈಸ್ ಎಂದು ನಿಂತರೆ, ಫೋನಿನ ತಪ್ಪಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಆ್ಯಂಡ್ರಾಯ್ಡ್ ಕಾಣುತ್ತದೆ, ಅದಕ್ಕೆ ಡ್ರೈವರ್ ಹಾಕಿ.

ಬೀಗ ತೆರೆದ ಮೇಲೆ, ರಾಮ್ ಹಾಕುವ ಮುಂಚೆ ಒಂದು ಕೆಲಸ ತಪ್ಪಿಸಬೇಡಿ. ಟಿಡಬ್ಲ್ಯುಆರ್‌ಪಿ ಎಂಬ ಇನ್ನೊಂದು ರಿಕವರಿಯನ್ನು ಫ್ಲ್ಯಾಶ್ ಮಾಡದೆ ಫಾಸ್ಟ್‌ಬೂಟ್ ಬೂಟ್ ಆಜ್ಞೆಯಿಂದ ತಾತ್ಪೂರ್ತಿಕವಾಗಿ ಎಬ್ಬಿಸಿ, ಬ್ಯಾಕಪ್‌ನಲ್ಲಿ ಇಎಫ್‌ಎಸ್ ಮತ್ತು ಪರ್ಸಿಸ್ಟ್ ಗುರುತಿಸಿ. ಬಂದ ಫೋಲ್ಡರನ್ನು ಕಂಪ್ಯೂಟರಿಗೂ ಪೆನ್‌ಡ್ರೈವಿಗೂ ಹಾಕಿ. ಫೋನಿನ ಐಎಂಇಐ ಎಂಬ ಗುರುತಿನ ಸಂಖ್ಯೆ, ನೆಟ್‌ವರ್ಕಿನ ಜಾತಕ ಅದರೊಳಗಿದೆ. ಕೆಲವೇ ಎಂಬಿ, ಕಳೆದರೆ ಬೇರೆಲ್ಲೂ ಸಿಗುವುದಿಲ್ಲ.

ಇನ್ನು ಉಳಿದದ್ದು 20 ನಿಮಿಷದ ಕೆಲಸ. ಮತ್ತೆ ಫಾಸ್ಟ್‌ಬೂಟಿಗೆ ಬಂದು ಫಾಸ್ಟ್‌ಬೂಟ್ ಫ್ಲ್ಯಾಶ್ ರಿಕವರಿ ಆಜ್ಞೆಯಿಂದ ಲಿನಿಯೇಜಿನ ರಿಕವರಿ ಹಾಕಿ. ಕೇಬಲ್ ತೆಗೆದು, ವಾಲ್ಯೂಮ್ ಏರಿಸುವ ಗುಂಡಿ ಮತ್ತು ಪವರ್ ಹಿಡಿದು ನೇರ ರಿಕವರಿಗೇ ಹೋಗಿ. ಕೈತಪ್ಪಿ ಎಂಐಯುಐಗೆ ಹೋದರೆ ಅದು ತನ್ನ ಹಳೇ ರಿಕವರಿಯನ್ನೇ ಮತ್ತೆ ಬರೆದಿಡುತ್ತದೆ. ರಿಕವರಿಯಲ್ಲಿ ಫ್ಯಾಕ್ಟರಿ ರಿಸೆಟ್‌ನೊಳಗಿನ ಫಾರ್ಮ್ಯಾಟ್ ಡೇಟಾ ಮಾಡಿ. ಬರೀ ವೈಪ್ ಸಾಲದು. ಹಳೇ ಸಿಸ್ಟಮ್ ಎನ್‌ಕ್ರಿಪ್ಟ್ ಮಾಡಿಟ್ಟ ಭಾಗವನ್ನು ಹೊಸದು ಓದಲಾರದೆ ಲೋಗೋದಲ್ಲೇ ಸುತ್ತುತ್ತದೆ. ಆಮೇಲೆ ಅಪ್ಲೈ ಅಪ್‌ಡೇಟ್, ಅಪ್ಲೈ ಫ್ರಮ್ ಎಡಿಬಿ. ಕಂಪ್ಯೂಟರಿನಲ್ಲಿ ಎಡಿಬಿ ಸೈಡ್‌ಲೋಡ್, ಮುಂದೆ ಜಿಪ್ಪಿನ ಹೆಸರು. 47 ಪರ್ಸೆಂಟಿಗೆ ನಿಂತು, ಫೇಲ್ಡ್ ಎಂದು ಬರೆದು ಪಕ್ಕದಲ್ಲೇ ಸಕ್ಸೆಸ್ ಎಂದೂ ಬರೆದರೆ ಗಾಬರಿ ಬೇಡ, ಫೋನಿನ ಪರದೆಯಲ್ಲಿ ತಪ್ಪು ಕಾಣದಿದ್ದರೆ ಕೆಲಸ ಆಗಿದೆ.

ಪ್ಲೇ ಸ್ಟೋರ್ ಬೇಕಿದ್ದರೆ ಗ್ಯಾಪ್ಸ್ ಎಂಬ ಗೂಗಲ್ ಆ್ಯಪ್‌ಗಳ ಜಿಪ್ಪನ್ನು ಫೋನ್ ಒಮ್ಮೆಯೂ ಆನ್ ಆಗುವ ಮುಂಚೆ, ಇದೇ ಉಸಿರಿನಲ್ಲಿ ಹಾಕಬೇಕು. ಆನ್ ಮಾಡಿ ನೋಡಿ ಆಮೇಲೆ ಹಾಕಿದರೆ ಆ್ಯಪ್‌ಗಳು ಒಂದರ ಹಿಂದೆ ಒಂದು ಬೀಳುತ್ತವೆ, ಮತ್ತೆ ಫಾರ್ಮ್ಯಾಟೇ ಗತಿ. ಎಆರ್‌ಎಂ64 ಎಂದಿರುವ ಗ್ಯಾಪ್ಸ್ ನೋಡಿ. ಆ್ಯಂಡ್ರಾಯ್ಡ್ ಅಂಕಿಯೂ ಹೊಂದಬೇಕು: ಲಿನಿಯೇಜ್ 20 ಅಂದರೆ ಆ್ಯಂಡ್ರಾಯ್ಡ್ 13, 21 ಅಂದರೆ 14, 22 ಅಂದರೆ 15. ಸಿಗ್ನೇಚರ್ ವೆರಿಫಿಕೇಶನ್ ಫೇಲ್ಡ್ ಎಂದು ಕೇಳಿದರೆ ಯೆಸ್ ಒತ್ತಿ. ಗ್ಯಾಪ್ಸ್‌ಗೆ ಲಿನಿಯೇಜಿನವರ ಸಹಿ ಇರುವುದಿಲ್ಲ, ಅಷ್ಟೇ.

ಮೊದಲ ಸಲ ಏಳಲು 5ರಿಂದ 10 ನಿಮಿಷ ಬೇಕು. 15 ದಾಟಿದರೆ ಮತ್ತೆ ರಿಕವರಿಗೆ ಹೋಗಿ ಫಾರ್ಮ್ಯಾಟ್ ಮಾಡಿ. 3 ಜಿಬಿಯಲ್ಲಿ ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತುಸು ತಡವರಿಸುತ್ತದೆ, ಅಂಗಡಿಯ ಎರಡನೇ ಫೋನಿಗೆ ಸಾಕು. ಅದನ್ನೇ ಬ್ಯಾಂಕಿನ ಫೋನ್ ಮಾಡಿಕೊಳ್ಳುವ ಇರಾದೆ ಇದ್ದರೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಲಿನಿಯೇಜ್ ಹಾಕಿದ ಮೇಲೆ ನೆಟ್ ಚಲೋ ನಡೀತೈತಿ, ಆದ್ರ ಜಿಯೋ ಸಿಮ್ಮಿನ್ಯಾಗ ಕಾಲ್ ಹೋಗವಲ್ದು, ಬರವಲ್ದು. ಬ್ಯಾಂಕಿನ ಆ್ಯಪ್ ತೆಗೀತಿದ್ದಂಗ ಮುಚ್ಚಿಕೊಳ್ತೈತಿ. ಏನು ತಪ್ಪಾತು?
— ಓದುಗರು, ಗದಗ-ಬೆಟಗೇರಿ

ಉತ್ತರ: ಎರಡಕ್ಕೂ ಬೇರೆ ಬೇರೆ ಕಾರಣ. ಜಿಯೋಗೆ 2ಜಿ, 3ಜಿ ಇಲ್ಲ. ಮಾತೆಲ್ಲ 4ಜಿ ಮೇಲಿನ ವೋಲ್ಟಿಯಲ್ಲೇ ಹೋಗಬೇಕು. ಏರ್‌ಟೆಲ್ ಸಿಮ್ ಹಾಕಿ ನೋಡಿ. ಕಾಲ್ ಬಂದಾಗ 4ಜಿ ಗುರುತು ಇಳಿದು 2ಜಿ ಆದರೆ ನಿಮ್ಮ ಫೋನಿನಲ್ಲಿ ವೋಲ್ಟಿ ಎದ್ದಿಲ್ಲವೆಂದೇ ಅರ್ಥ. ಡಯಲರಿನಲ್ಲಿ *#*#4636#*#* ಒತ್ತಿ, ಫೋನ್ ಇನ್ಫರ್ಮೇಶನ್ನಿನಲ್ಲಿ ಐಎಂಎಸ್ ಸ್ಟೇಟಸ್ ತೆರೆದರೆ ನಾಟ್ ರಿಜಿಸ್ಟರ್ಡ್ ಎಂದಿರುತ್ತದೆ. ಮೊದಲು ಸಿಮ್ ಸೆಟ್ಟಿಂಗಿನಲ್ಲಿ ವೋಲ್ಟಿ ಆನ್ ಇದೆಯೇ ನೋಡಿ. ಇದ್ದೂ ಬರದಿದ್ದರೆ ಫೋನಿನ ಮೋಡೆಮ್ ಫರ್ಮ್‌ವೇರ್ (ನೆಟ್‌ವರ್ಕ್ ಚಿಪ್ಪಿನ ಒಳಗಿನ ತಂತ್ರಾಂಶ) ಹಳತಾಗಿರಬಹುದು. ರಾಮ್ ಬದಲಾದರೂ ಮೋಡೆಮ್ ಭಾಗ ಕಂಪನಿಯದೇ ಉಳಿಯುತ್ತದೆ. ನಿಮ್ಮ ಮಾಡೆಲ್ಲಿನ ಪುಟದಲ್ಲಿ ಯಾವ ಫರ್ಮ್‌ವೇರ್ ಮೇಲೆ ಹಾಕಬೇಕೆಂದು ಬರೆದಿದ್ದರೆ ಅದನ್ನು ಹಾಕಿ ಮತ್ತೆ ನೋಡಿ.

ಬ್ಯಾಂಕಿನ ಆ್ಯಪ್ ವಿಷಯದಲ್ಲಿ ನೀವು ಏನೂ ತಪ್ಪು ಮಾಡಿಲ್ಲ. ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ಲಿನ ತಪಾಸಣೆ ಬೂಟ್‌ಲೋಡರ್ ತೆರೆದಿದೆ ಎಂದು ಆ್ಯಪಿಗೆ ಹೇಳುತ್ತದೆ, ಆ್ಯಪು ಬಾಗಿಲು ಹಾಕಿಕೊಳ್ಳುತ್ತದೆ. ಸಿಸ್ಟಮ್ಮಿನ ಪೂರ್ತಿ ಹಿಡಿತ ಕೊಡುವ ಮ್ಯಾಜಿಸ್ಕ್ ಹಾಕಿ ಕಣ್ಣಿಗೆ ಮಣ್ಣೆರಚುವ ಉಪಾಯಗಳಿವೆ. ಇವತ್ತು ನಡೆದದ್ದು ಗೂಗಲ್ ಕೀಲಿ ಬದಲಿಸಿದ ದಿನ ನಿಲ್ಲುತ್ತದೆ, ಅದೂ ಯಾರಿಗೋ ದುಡ್ಡು ಕೊಡಬೇಕಾದ ಹೊತ್ತಿಗೇ. ಹಣದ ಕೆಲಸಕ್ಕೆ ಬೀಗ ತೆಗೆಯದ ಫೋನೇ ಬೇಕೆನ್ನುವುದು ನಮ್ಮ ಅಭಿಪ್ರಾಯ. ಅಂಗಡಿಯ ಗೋಡೆಯ ಕ್ಯೂಆರ್‌ಗೆ ಬರುವ ದುಡ್ಡು ಮಾತ್ರ ನಿಲ್ಲುವುದಿಲ್ಲ. ಅದು ಖಾತೆಗೆ ಜೋಡಿ, ಈ ಫೋನಿಗಲ್ಲ. ಇನ್ನೊಂದು: ಸಿನಿಮಾ ಆ್ಯಪ್‌ಗಳಲ್ಲಿ ಚಿತ್ರ ಮಂಜಾಗಿ ಕಂಡರೆ, ವಿಡಿಯೋ ನಕಲು ತಡೆಯುವ ವೈಡ್‌ವೈನ್ ಎಲ್1ರಿಂದ ಎಲ್3ಕ್ಕೆ ಇಳಿದಿದೆ, ಎಚ್‌ಡಿ ಬರುವುದಿಲ್ಲ.

ಪ್ರಶ್ನೆ: ಮೋಟೋ ಜಿ5 ಪ್ಲಸ್‌ಗೆ ಕಸ್ಟಮ್ ರಾಮ್ ಹಾಕಿದ್ದೆ. ಬೇಸರವಾಗಿ ಕಂಪನಿಯ ರಾಮ್‌ಗೇ ವಾಪಸ್ ಬಂದೆ. ಈಗ *#06# ಒತ್ತಿದರೆ ಐಎಂಇಐ 0 ಎಂದು ತೋರಿಸುತ್ತದೆ, ನೆಟ್‌ವರ್ಕ್ ಇಲ್ಲ. ಇನ್ನೊಬ್ಬರ ಫೋನಿನ ಇಎಫ್‌ಎಸ್ ಫೈಲ್ ಹಾಕಬಹುದೆ?
— ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಹಾಕಬೇಡಿ. ಇನ್ನೊಬ್ಬರ ಫೋನಿನ ಗುರುತು ನಿಮ್ಮದಕ್ಕೆ ಅಂಟಿಸಿದಂತಾಗುತ್ತದೆ, ಐಎಂಇಐ ತಿದ್ದುವುದನ್ನು ತಡೆಯಲು 2017ರಲ್ಲೇ ಕೇಂದ್ರದ ನಿಯಮ ಬಂದಿದೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಬೇಸ್‌ಬ್ಯಾಂಡ್ ಸಾಲು ನೋಡಿ. ಅಲ್ಲಿ ಅನ್‌ನೋನ್ ಎಂದಿದ್ದರೆ ಮೋಡೆಮ್ ಸರಿಯಾಗಿ ಕೂತಿಲ್ಲ. ಕಂಪನಿಯ ರಾಮ್ ಪೂರ್ತಿ ಫ್ಲ್ಯಾಶ್ ಮಾಡಿ, ಮೋಡೆಮ್ ಮತ್ತು ಎಫ್‌ಎಸ್‌ಜಿ ಎಂದಿರುವ ಆಜ್ಞೆಯ ಸಾಲುಗಳನ್ನು ಬಿಡಬೇಡಿ. ಬೇಸ್‌ಬ್ಯಾಂಡ್ ಸರಿಯಿದ್ದು ಐಎಂಇಐ ಮಾತ್ರ 0 ಇದ್ದರೆ ಹಿಂದಿನ ಕಸ್ಟಮ್ ರಾಮ್ ಅನ್ನೇ ಮತ್ತೆ ಹಾಕಿ ನೋಡಿ. ಅಲ್ಲಿ ಸಂಖ್ಯೆ ಕಂಡರೆ ಅಳಿದಿಲ್ಲ, ಕಂಪನಿಯ ರಾಮ್‌ಗೆ ಪರ್ಸಿಸ್ಟ್ ಓದಲು ಆಗುತ್ತಿಲ್ಲ ಅಷ್ಟೇ. ಮೊದಲ ದಿನದ ಪರ್ಸಿಸ್ಟ್ ಬ್ಯಾಕಪ್ ಇದ್ದರೆ ಟಿಡಬ್ಲ್ಯುಆರ್‌ಪಿಯಿಂದ ಮರಳಿ ಹಾಕಿ. ಇಲ್ಲವಾದರೆ ಕಸ್ಟಮ್ ರಾಮ್ ಮೇಲೆಯೇ ಇರುವುದು ಜಾಣತನ.

ಪ್ರಶ್ನೆ: ರೆಡ್ಮಿ ನೋಟ್ 5 ಪ್ರೊಗೆ ನಮ್ಮ ಅಳಿಯ ಹಳೇ ಎಂಐಯುಐ ಹಾಕಾಕ ಹೋದ. ಈಗ ಸ್ಕ್ರೀನ್ ಪೂರ್ತಿ ಕರ್ರಗ ಐತಿ, ಮೊಲಾನೂ ಬರವಲ್ದು. ರಿಪೇರಿ ಅಂಗಡ್ಯಾಗ ಬೋರ್ಡ್ ಬದಲಿಸ್ರಿ ಅಂತಾರ.
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಬೋರ್ಡಿಗೆ ದುಡ್ಡು ಸುರಿಯುವ ಮೊದಲು ಫೋನನ್ನು ಕಂಪ್ಯೂಟರಿಗೆ ಚುಚ್ಚಿ ಡಿವೈಸ್ ಮ್ಯಾನೇಜರ್ ನೋಡಿ. ಕ್ವಾಲ್ಕಾಮ್ ಕ್ಯುಡಿಲೋಡರ್ 9008 ಎಂದು ಕಂಡರೆ ಚಿಪ್ ಜೀವಂತ ಇದೆ. 2018ರಿಂದ ಈ ಮಾಡೆಲ್ಲಿನಲ್ಲಿ ಆ್ಯಂಟಿ ರೋಲ್‌ಬ್ಯಾಕ್ ಎಂಬ ಕಾವಲಿದೆ. ಫಾಸ್ಟ್‌ಬೂಟ್ ಗೆಟ್‌ವಾರ್ ಆ್ಯಂಟಿ ಎಂದರೆ 4 ಎಂದು ಉತ್ತರ ಬರುವ ಫೋನಿಗೆ ಅದಕ್ಕಿಂತ ಕಡಿಮೆ ಅಂಕಿಯ ಎಂಐಯುಐ ಹಾಕಿದರೆ ಹೀಗೇ ಆಗುತ್ತದೆ. ಬಿಡಿಸುವ ದಾರಿ ಇಡಿಎಲ್ ಮೋಡ್: ಹಿಂದಿನ ಮುಚ್ಚಳ ತೆಗೆದು ಟೆಸ್ಟ್ ಪಾಯಿಂಟ್ ಎರಡನ್ನು ಮುಟ್ಟಿಸಿ, ಶಾಓಮಿಯ ಅಧಿಕೃತ ಖಾತೆ ಇರುವವರು ಹೊಸ ಫರ್ಮ್‌ವೇರ್ ತುಂಬಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ. ಅಂಗಡಿಯಲ್ಲಿ ‘ಇಡಿಎಲ್ ಮಾಡ್ತೀರೇನ್ರಿ’ ಎಂದೇ ಕೇಳಿ. ಆ ಶಬ್ದ ಗೊತ್ತಿಲ್ಲದವರ ಕೈಗೆ ಫೋನ್ ಕೊಡಬೇಡಿ.

ಫೋನ್ ಎದ್ದ ಮೇಲೆ ಅಳಿಯಂದಿರಿಗೆ ಇನ್ನೊಂದು ಮಾತು ಹೇಳಿ. ಎಂಐ ಫ್ಲ್ಯಾಶ್ ಟೂಲಿನ ಕೆಳ ಮೂಲೆಯಲ್ಲಿ ಕ್ಲೀನ್ ಆಲ್ ಆ್ಯಂಡ್ ಲಾಕ್ ಎಂಬುದು ತಾನಾಗಿ ಆಯ್ಕೆಯಾಗಿರುತ್ತದೆ. ಅದನ್ನು ಕ್ಲೀನ್ ಆಲ್‌ಗೆ ಬದಲಿಸದೆ ಬೇರೆ ದೇಶದ ರಾಮ್ ಹಾಕಿದರೆ ಬೀಗ ಬಿದ್ದು, ಈ ಎಂಐಯುಐ ಈ ಫೋನಿಗೆ ನಡೆಯದು ಎಂಬ ಬರಹಕ್ಕೆ ನಿಲ್ಲುತ್ತದೆ. ಕಸ್ಟಮ್ ರಾಮ್ ಇರುವಾಗಲೂ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಬಾರದು.

ಪ್ರಶ್ನೆ: ಸ್ಯಾಮ್‌ಸಂಗ್ ಜೆ7ಗೂ ಇದೇ ಕ್ರಮವೇ?
— ಓದುಗರು, ಲಕ್ಷ್ಮೇಶ್ವರ

ಉತ್ತರ: ಅಲ್ಲ. ಸ್ಯಾಮ್‌ಸಂಗಿನಲ್ಲಿ ಫಾಸ್ಟ್‌ಬೂಟ್ ಇಲ್ಲ. ವಾಲ್ಯೂಮ್ ಇಳಿಕೆ, ಹೋಮ್, ಪವರ್ ಮೂರನ್ನೂ ಒತ್ತಿ ಡೌನ್‌ಲೋಡ್ ಮೋಡಿಗೆ ಹೋಗಿ, ವಿಂಡೋಸಿನ ಓಡಿನ್ ಎಂಬ ಟೂಲಿನಲ್ಲಿ ಎಪಿ ಜಾಗಕ್ಕೆ ಟಾರ್ ಫೈಲಿನ ರಿಕವರಿ ಕೊಡಬೇಕು. ಆಟೋ ರೀಬೂಟ್ ಗುರುತು ತೆಗೆಯಿರಿ, ಇಲ್ಲವಾದರೆ ಹಳೇ ರಿಕವರಿ ಮರಳಿ ಬರುತ್ತದೆ. ನಾಕ್ಸ್ ಎಂಬ ಭದ್ರತಾ ಫ್ಯೂಸು 0x1 ಆಗುತ್ತದೆ, ಅದು ತಿರುಗಿ 0 ಆಗುವುದಿಲ್ಲ. ಮೊದಲೇ ಗೂಗಲ್ ಖಾತೆಯಿಂದ ಲಾಗೌಟ್ ಆಗಿ. ಮರೆತರೆ ರಿಸೆಟ್ ಆದ ಮೇಲೆ ಹಳೇ ಪಾಸ್‌ವರ್ಡ್ ಕೇಳುತ್ತ ಕೂರುತ್ತದೆ.

ಪ್ರಶ್ನೆ: ನಂದು ವಿವೋ. ಬ್ಯಾಡಾದ ಆ್ಯಪ್ ತುಂಬ್ಯಾವ, ಭಾಳ ನಿಧಾನ ಆಗೈತಿ. ಇದಕ್ಕ ಯಾವ ರಾಮ್ ಹಾಕ್ಲಿ?
— ಓದುಗರು, ರಾಣೆಬೆನ್ನೂರು

ಉತ್ತರ: ಯಾವುದೂ ಬೇಡ. ವಿವೋ ಸಾಮಾನ್ಯರಿಗೆ ಬೂಟ್‌ಲೋಡರ್ ತೆರೆಯಲು ಕೊಡುವುದಿಲ್ಲ. ಹುವಾವೇ, ಆನರ್ ಕೂಡ 2018ರಲ್ಲೇ ಕೋಡ್ ಕೊಡುವುದು ನಿಲ್ಲಿಸಿದವು. ದುಡ್ಡು ತಗೊಂಡು ತೆಗೆದುಕೊಡುತ್ತೇವೆ ಅನ್ನುವವರ ಹಿಂದೆ ಹೋಗಬೇಡಿ. ಬೀಗ ಮುಟ್ಟದೆಯೂ ಬೇಡದ ಆ್ಯಪ್‌ಗಳನ್ನು ಬದಿಗೆ ಸರಿಸಬಹುದು. ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿನಿಂದ ಎಡಿಬಿ ಶೆಲ್ ಪಿಎಂ ಅನ್‌ಇನ್‌ಸ್ಟಾಲ್, ಹೈಫನ್ ಕೆ, ಎರಡು ಹೈಫನ್ ಯೂಸರ್ 0, ಕೊನೆಗೆ ಆ್ಯಪಿನ ಪ್ಯಾಕೇಜ್ ಹೆಸರು. ಒಂದೊಂದಾಗಿ ತೆಗೆದು, ಪ್ರತಿ ಸಲ ಫೋನ್ ರೀಸ್ಟಾರ್ಟ್ ಮಾಡಿ ನೋಡಿ. ತಪ್ಪಿ ಬೇಕಾದದ್ದನ್ನೇ ತೆಗೆದರೆ ಎಡಿಬಿ ಶೆಲ್ ಸಿಎಂಡಿ ಪ್ಯಾಕೇಜ್ ಇನ್‌ಸ್ಟಾಲ್, ಹೈಫನ್, ಎಕ್ಸಿಸ್ಟಿಂಗ್ (ಈ ಮೂರರ ನಡುವೆ ಜಾಗ ಬಿಡದೆ), ಮುಂದೆ ಅದೇ ಪ್ಯಾಕೇಜ್ ಹೆಸರು ಕೊಟ್ಟರೆ ವಾಪಸ್ ಬರುತ್ತದೆ. ಲಾಂಚರ್ (ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್), ಕೀಬೋರ್ಡ್, ಫೋನ್ ಈ ಮೂರಕ್ಕೆ ಮಾತ್ರ ಕೈ ಹಚ್ಚಬೇಡಿ.