ಕೆನ್ಯಾ 2022: ನಕ್ಷೆ ತುಂಬಾ ಒಡಿಂಗಾ ಬಣ್ಣ, ಗೆದ್ದಿದ್ದು ಮಾತ್ರ ರುಟೊ, ಯಾಕೆ?

2022ರ ಕೆನ್ಯಾ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ರುಟೊ ಗೆದ್ದರು, ಆದರೆ ನೀವು ಮಾಡಿದ ನಕ್ಷೆಯಲ್ಲಿ ಸೋತ ರೈಲಾ ಒಡಿಂಗಾ ಬಣ್ಣವೇ ಜಾಸ್ತಿ ಕಾಣುತ್ತಿದೆ ಅಂತ ಕೇಳಿದ್ದೀರಿ. ನಿಮ್ಮ ಅಂಕಿಅಂಶ ತಪ್ಪಿಲ್ಲ, ಬಣ್ಣ ಹಚ್ಚಿದ ರೀತಿಯಿಂದ ಹೀಗಾಗಿರಬೇಕು. ಗೆದ್ದವರ ಬಣ್ಣವನ್ನು ಇಡೀ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಬಳಿದರೆ ಜನವಿರಳ ಉತ್ತರದ ಕೌಂಟಿಗಳೇ ಎದ್ದು ಕಾಣುತ್ತವೆ. ಒಡಿಂಗಾ ಗೆದ್ದ ತುರ್ಕಾನಾ ಭಾರಿ ದೊಡ್ಡದು, ಆದರೆ ಅಲ್ಲಿ ಮತದಾರರು ಸುಮಾರು 2.4 ಲಕ್ಷ. ರುಟೊ ಗೆದ್ದ ಪುಟ್ಟ ಕಿಯಾಂಬುವಿನಲ್ಲಿ 12 ಲಕ್ಷಕ್ಕೂ ಜಾಸ್ತಿ! ನಾನೂ ಮೊದಲು ಹೀಗೇ ಮಾಡಿದ್ದೆ.

ಮೊದಲು ಪ್ರತಿ ಕೌಂಟಿಯಲ್ಲಿ ರುಟೊ ಮತಗಳಿಂದ ಒಡಿಂಗಾ ಮತ ಕಳೆದು ಅಂತರ ತೆಗೆಯಿರಿ (ಒಡಿಂಗಾ ಗೆದ್ದ ಕಡೆ ಮೈನಸ್ ಬರುತ್ತದೆ). ಇಡೀ ಕೌಂಟಿಗೆ ಬಣ್ಣ ಬಳಿಯುವ ಬದಲು ಆ ಅಂತರಕ್ಕೆ ತಕ್ಕ ಗಾತ್ರದ ವೃತ್ತ ಹಾಕಿ. ಆಮೇಲೆ ಎಲ್ಲ ಅಂತರ ಕೂಡಿಸಿ, ರುಟೊ ಪರವಾಗಿ 2,33,211 ಬರಬೇಕು. ಬರದಿದ್ದರೆ ವಿದೇಶದ ಮತದಾರರ ಮತ್ತು ಜೈಲುಗಳ ಸಾಲು ಬಿಟ್ಟುಹೋಗಿದೆಯಾ ನೋಡಿ.

ಕೊನೆಗೆ ಮೌಂಟ್ ಕೆನ್ಯಾ ಪರ್ವತದ ಸುತ್ತಲಿನ ಭಾಗದ ಫಲಿತಾಂಶವನ್ನು 2017ರ ಚುನಾವಣೆಯ ಜೊತೆ ಹೋಲಿಸಿ. ಆಗ ಅಧ್ಯಕ್ಷರಾಗಿದ್ದ ಉಹುರು ಕೆನ್ಯಾಟಾ 2022ರಲ್ಲಿ ಒಡಿಂಗಾ ಪರ ನಿಂತರೂ ಕೆನ್ಯಾಟಾರ ತವರಾದ ಈ ಭಾಗದ ಜನ ಹೆಚ್ಚಾಗಿ ರುಟೊಗೆ ಮತ ಹಾಕಿದರು. ಈ ಚುನಾವಣೆಯ ಮುಖ್ಯ ಕಥೆ ಇದೇ ಅಂತ ನನ್ನ ಅನಿಸಿಕೆ. ಆದರೆ ಯಾವ ಸಮುದಾಯ ಯಾರಿಗೆ ಹಾಕಿತು ಅಂತ ಕೌಂಟಿ ಲೆಕ್ಕದಿಂದ ಖಚಿತವಾಗಿ ಹೇಳೋಕಾಗಲ್ಲ. ಅದನ್ನು ಊಹೆ ಅಂತಲೇ ಬರೆಯಿರಿ.