ಬೀಗದ ಆಕಾರ ಗೊತ್ತಾಯಿತು, ಹೊಸ ಮಾತ್ರೆ ಎಲ್ಲಿ?

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್. ಮಾರ್ಫಿನ್ ಮಾತ್ರೆಯಿಂದ ನೋವು ತಗ್ಗಿದೆ, ಆದರೆ ಮಲಬದ್ಧತೆ ತುಂಬಾ ಕಾಡುತ್ತಿದೆ. ಮಾರ್ಫಿನ್ ಹೋಗಿ ಕೂರುವ ರಿಸೆಪ್ಟರ್‌ನ (ಜೀವಕೋಶದ ಮೇಲೆ ಔಷಧಿ ಹಿಡಿಯುವ ಪ್ರೋಟೀನ್) ಆಕಾರ ಗೊತ್ತಾಗಿ ವರ್ಷಗಳೇ ಆದವಂತೆ. ಹಾಗಾದರೆ ಈ ತೊಂದರೆ ಇಲ್ಲದ ಮಾತ್ರೆ ಯಾಕೆ ಬಂದಿಲ್ಲ?
- ಓದುಗರು, ದಾವಣಗೆರೆ

ಉತ್ತರ: ಮೊದಲು ಅಮ್ಮನ ವಿಷಯ. ಮಲಬದ್ಧತೆಗೆ ಹೆದರಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮಾರ್ಫಿನ್ ಶುರುವಾದ ದಿನದಿಂದಲೇ ಮಲ ಸಲೀಸಾಗಿ ಹೋಗುವ ಔಷಧಿಯೂ ಜೊತೆಗಿರಬೇಕು. ಕೊಟ್ಟಿಲ್ಲ ಅಂದರೆ ನಾಳೆಯೇ ಡಾಕ್ಟರನ್ನು ಕೇಳಿ.

ನೀವು ಕೇಳಿದ್ದು ನಿಜ. ಮಾರ್ಫಿನ್‌ನಂಥ ಔಷಧಿಗಳು ಹಿಡಿಯುವ ರಿಸೆಪ್ಟರ್‌ಗಳಾದ ಮ್ಯೂ, ಡೆಲ್ಟಾ, ಕಪ್ಪಾ, ಜೊತೆಗೆ ಇವುಗಳ ದಾಯಾದಿ ನೊಸಿಸೆಪ್ಟಿನ್ ರಿಸೆಪ್ಟರ್, ಈ ನಾಲ್ಕರ ರಚನೆಯೂ 2012ರಲ್ಲೇ ಹೊರಬಂತು. ಮಾರ್ಫಿನ್ ಮುಖ್ಯವಾಗಿ ಹಿಡಿಯುವುದು ಮ್ಯೂವನ್ನು. ಜೀವಕೋಶದ ಪೊರೆಯಲ್ಲಿ ಏಳು ಸಲ ಒಳಗೂ ಹೊರಗೂ ಹೊಲಿದ ದಾರದ ಹಾಗಿರುವ ಪ್ರೋಟೀನ್ ಅದು. ಹೊರಗಡೆಗೆ ಅಗಲವಾಗಿ ಬಾಯಿ ತೆರೆದ ಒಂದು ಗುಂಡಿ ಇದೆ, ಅದರೊಳಗೆ ಮೈನಸ್ ಚಾರ್ಜ್ ಇರುವ ಆಸ್ಪಾರ್ಟಿಕ್ ಆಮ್ಲ ಕೂತಿದೆ, ಮಾರ್ಫಿನ್‌ನ ನೈಟ್ರೋಜನ್‌ಗೆ ಪ್ಲಸ್ ಚಾರ್ಜ್, ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಡೋಸ್ ಜಾಸ್ತಿಯಾದವರಿಗೆ ಕೊಡುವ ನಲಾಕ್ಸೋನ್ ಬಂದು ಕೂರುವುದೂ ಇದೇ ಗುಂಡಿಯಲ್ಲಿ. ಆದರೆ ಅದು ರಿಸೆಪ್ಟರನ್ನು ಚಾಲೂ ಮಾಡುವುದಿಲ್ಲ, ಸುಮ್ನೆ ಜಾಗ ಹಿಡಿಯುತ್ತದೆ.

ತೊಡಕು ಇರುವುದು ಇಲ್ಲಿ. ನೋವಿನ ದಾರಿಯಲ್ಲಿರುವ ಅದೇ ಮ್ಯೂ, ಉಸಿರಾಟ ನಡೆಸುವ ಮಿದುಳಿನ ಬುಡದಲ್ಲೂ ಇದೆ, ಕರುಳಿನ ನರಗಳಲ್ಲೂ ಇದೆ. ಬೀಗ ಒಂದೇ, ಮನೆ ಮೂರು. 2016ರಲ್ಲಿ ಒಂದು ತಂಡ ಆ ಗುಂಡಿಯ ಆಕಾರ ಇಟ್ಟುಕೊಂಡು ಕಂಪ್ಯೂಟರಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಅಣುಗಳನ್ನು ಕೂರಿಸಿ ನೋಡಿ, ಕೊನೆಗೆ ಪಿಜೆಡ್‌ಎಂ21 ಅನ್ನುವುದನ್ನು ರೂಪಿಸಿತು. ಇಲಿಗಳಲ್ಲಿ ನೋವು ತಗ್ಗಿತು, ಉಸಿರಿಗೆ ಅಷ್ಟು ತೊಂದರೆ ಕಾಣಲಿಲ್ಲ. ನನಗೂ ಆಗ ಬಹಳ ಆಸೆ ಹುಟ್ಟಿತ್ತು. 2018ರಲ್ಲಿ ಬೇರೆ ತಂಡ ಪರೀಕ್ಷಿಸಿದಾಗ ಉಸಿರು ತಗ್ಗಿದ್ದು ಕಂಡಿತು. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಮ್ಯೂವನ್ನೇ ಹಿಡಿಯುವ ಒಲಿಸೆರಿಡಿನ್ ಅನ್ನುವ ನೋವಿನ ಇಂಜೆಕ್ಷನ್‌ಗೂ ಉಸಿರಿನ ಎಚ್ಚರಿಕೆ ತಪ್ಪಲಿಲ್ಲ.

ಆದರೆ ಕರುಳಿನ ವಿಷಯದಲ್ಲಿ ಒಂದು ದಾರಿ ಸಿಕ್ಕಿದೆ. ನಾಲ್ಟ್ರೆಕ್ಸೋನ್ ಕೂಡ ಮ್ಯೂವನ್ನು ತಡೆಯುವ ಔಷಧಿಯೇ, ಅಲ್ವಾ? ಅದರ ನೈಟ್ರೋಜನ್‌ಗೆ ಮೀಥೈಲ್ ಅನ್ನುವ ಪುಟ್ಟ ಇಂಗಾಲದ ಗುಂಪೊಂದನ್ನು ಸೇರಿಸಿದರೆ ಚಾರ್ಜ್ ಸದಾ ಉಳಿದು, ಮಿದುಳಿಗೆ ದಾಟುವುದು ಕಷ್ಟವಾಗುತ್ತದೆ. ಹಾಗಾಗಿ ಮೀಥೈಲ್‌ನಾಲ್ಟ್ರೆಕ್ಸೋನ್ ಕರುಳಿನಲ್ಲಿ ಮಾರ್ಫಿನ್ನನ್ನು ತಡೆಯುತ್ತದೆ, ನೋವಿನ ಉಪಶಮನ ಹಾಗೇ ಇರುತ್ತದೆ. ಮಾಮೂಲಿ ಔಷಧಿ ಕೆಲಸ ಮಾಡದಿದ್ದರೆ ಇದರ ಬಗ್ಗೆ ಅಮ್ಮನ ಡಾಕ್ಟರನ್ನು ಕೇಳಿ. ಕರುಳು ಕಟ್ಟಿಕೊಂಡಿದ್ದರೆ ಮಾತ್ರ ಇದನ್ನು ಕೊಡುವಂತಿಲ್ಲ, ಅದನ್ನು ಅವರೇ ನೋಡಿ ಹೇಳಬೇಕು.